ಟಪಾಲು ಸಾರೋಟಿನ ಕುದುರೆಗಳು

1816ರ ಅಕ್ಟೋಬರ್ 20ರ ರಾತ್ರಿ. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಿಂದ ಲಂಡನ್ನಿಗೆ ಹೊರಟಿದ್ದ ಟಪಾಲಿನ ಸಾರೋಟು ಸಾಲ್ಸ್‌ಬರಿಯನ್ನು ದಾಟಿ, ವಿಂಟರ್‌ಸ್ಲೋ ಬಳಿಯ ಪಾಂಥಶಾಲೆಯನ್ನು ಸಮೀಪಿಸುತ್ತಿತ್ತು. ಕತ್ತಲೆಯಲ್ಲಿ ಕುದುರೆಗಳ ಪಕ್ಕಕ್ಕೆ ದೊಡ್ಡ ಕರುವೊಂದು ಓಡಿಬರುತ್ತಿರುವಂತೆ ಕಂಡಿತು. ಕುದುರೆಗಳು ಬೆದರಿದವು. ಬಂಡಿ ಪಾಂಥಶಾಲೆಯ ಮುಂದೆ ನಿಲ್ಲುವಷ್ಟರಲ್ಲಿ ಆ ‘ಕರು’ ಮುಂದಿನ ಜೋಡಿಯ ಕುದುರೆಯೊಂದರ ಮೇಲೆ ಹಾರಿ ಉಗುರುಗಳನ್ನು ನಾಟಿತು. ಅದು ಸಂಚಾರಿ ಮೃಗಪ್ರದರ್ಶನದಿಂದ ತಪ್ಪಿಸಿಕೊಂಡು ಬಂದಿದ್ದ ಸಿಂಹಿಣಿ! ಪ್ರಯಾಣಿಕರು ಎದ್ದುಬಿದ್ದು ಪಾಂಥಶಾಲೆಯನ್ನು ಹೊಕ್ಕು ಬಾಗಿಲು ಭದ್ರಪಡಿಸಿಕೊಂಡರು. ಗಾರ್ಡು ಬಂದೂಕವನ್ನೆತ್ತಿದ, ಅಷ್ಟರಲ್ಲಿ ಧಾವಿಸಿಬಂದ ಮೃಗಗಳ ಒಡೆಯ, ಗುಂಡು ಹಾರಿಸಬಾರದೆಂದು ತಡೆದ. ಬೆಲೆಬಾಳುವ ಸೊತ್ತಲ್ಲವೆ? ಕಡೆಗೆ ಸಿಂಹಿಣಿ ಕಣಜವೊಂದರ ಅಡಿಯಲ್ಲಿ ನುಸುಳಿ ಅಡಗಿತು. ಅಲ್ಲಿಯೇ ಅದನ್ನು ಕಟ್ಟಿ ಜೀವಸಹಿತ ಹಿಡಿದರು.

ಈ ಸುದ್ದಿ ಇಂದಿಗೂ ಮರೆಯಾಗದೆ ಉಳಿದಿದ್ದರೆ ಅದಕ್ಕೆ ಜೇಮ್ಸ್ ಪೊಲಾರ್ಡ್ ಎಂಬ ಚಿತ್ರಕಾರನೇ ಬಹುಮಟ್ಟಿಗೆ ಕಾರಣ. 1792ರಲ್ಲಿ ಹುಟ್ಟಿದ ಈತನ ತಂದೆ ಲಂಡನ್ನಿನಲ್ಲಿ ಚಿತ್ರಗಳನ್ನು ಕೊರೆದು ಅಚ್ಚುಹಾಕಿ ಮಾರುತ್ತಿದ್ದವನು. ಮಗನು ವಿಂಟರ್‌ಸ್ಲೋ ಪ್ರಸಂಗವನ್ನು ಚಿತ್ರಿಸಿದ. ಮರುವರ್ಷವೇ ಅದರ ಅಚ್ಚಿನ ಪ್ರತಿಗಳು ಪೇಟೆಗೆ ಬಂದವು. ಆ ಕಾಲದಲ್ಲಿ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಚಿತ್ರವನ್ನು ಮೂಡಿಸಿ, ಅಚ್ಚು ತೆಗೆದು, ಬಳಿಕ ಒಂದೊಂದು ಪ್ರತಿಗೂ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಸಾರೋಟು, ಬೇಟೆ, ಜೂಜಿನ ಕುದುರೆ ಇವುಗಳ ಚಿತ್ರಗಳಿಗೆ ಗಿರಾಕಿಗಳು ಧಾರಾಳವಾಗಿದ್ದರು. ಜಮೀನುದಾರರಿಗೆ ತಮ್ಮ ಕುದುರೆಗಳ ಮೇಲಿದ್ದ ಮೋಹವನ್ನು ಕಂಡ ಬೆನ್ ಮಾರ್ಷಲ್ ಎಂಬ ಚಿತ್ರಕಾರ, ಹೆಂಡತಿಯ ಚಿತ್ರಕ್ಕೆ ಹತ್ತು ಗಿನಿ ಕೊಡಲು ಹಿಂದೆಗೆಯುವಾತ ಕುದುರೆಯ ಚಿತ್ರಕ್ಕೆ ಐವತ್ತು ಕೊಡುತ್ತಾನೆಂದು ಹೇಳಿದ್ದುಂಟು. ಹಾಗೆಂದು ಆತನೇನೂ ನೊಂದುಕೊಳ್ಳಲಿಲ್ಲ. ಜೂಜಿನ ಕುದುರೆಗಳ ತವರಾದ ನ್ಯೂಮಾರ್ಕೆಟ್ಟಿಗೇ ಹೋಗಿ ನೆಲಸಿದ!

ಪೊಲಾರ್ಡನ ಸಾರೋಟುಗಳು ಕಣ್ಣಿಗೆ ಹಬ್ಬ. ಕೆಂಪು ಗಾಲಿಗಳು, ಕೆಂಪು ಅಂಗಿಯ ಗಾರ್ಡು, ಅವನ ಉದ್ದನೆಯ ಕಹಳೆ, ಮಿರಮಿರನೆ ಮಿಂಚುವ ನಾಲ್ಕು ಕುದುರೆಗಳು. ಜಾನ್ ಪಾಮರ್ ಎಂಬಾತನ ಯೋಜನೆಯಂತೆ 1784ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಓಡಿತು. ಬರಬರುತ್ತಾ ಊರೂರಿಗೆ ಅವುಗಳ ಜಾಲ ಹರಡಿತು. ಮೆಕ್ಯಾಡಮ್ ತೋರಿಸಿಕೊಟ್ಟ ಜಲ್ಲಿಯ ರಸ್ತೆಗಳಾದ ಮೇಲಂತೂ ಗಂಟೆಗೆ ಹತ್ತು ಮೈಲಿಯ ವೇಗ ಸಾಧ್ಯವಾಯಿತು. ಲಂಡನ್ನಿಗೂ ಎಡಿನ್‌ಬರೊಗೂ ಇರುವ ಸುಮಾರು 400 ಮೈಲಿಗಳ ದಾರಿ 1830ರ ದಶಕದಲ್ಲಿ ಎರಡು ಹಗಲು ಎರಡು ರಾತ್ರಿಯೊಳಗೆ ಸವೆಯುತ್ತಿತ್ತು. ಟಪಾಲಿಗೆ ಸುಂಕದ ಕಟ್ಟೆಗಳಲ್ಲಿ ತಡೆಯಿಲ್ಲ. ಕಹಳೆಯ ದನಿ ಕೇಳಿದೊಡನೆ ಗೇಟು ತೆರೆದಿರಬೇಕು. ಗಾರ್ಡಿನ ಬಳಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ಗಡಿಯಾರ. ಅದರ ಮುಳ್ಳನ್ನು ಅವನೂ ಮುಟ್ಟುವಂತಿರಲಿಲ್ಲ.

ಈ ಗಡಿಯಾರಕ್ಕೆ ಬೆಲೆ ತೆತ್ತವು ಕುದುರೆಗಳು. ಹತ್ತು ಮೈಲಿಗೊಮ್ಮೆ ಹೊಸ ಕುದುರೆಗಳು ಸಜ್ಜಾಗಿ ಕಾದಿರುತ್ತಿದ್ದವು. ನುರಿತ ಲಾಯದಾಳುಗಳು ಒಂದು ನಿಮಿಷದೊಳಗೆ ನಾಲ್ಕನ್ನೂ ಬಿಚ್ಚಿ ಬೇರೆ ನಾಲ್ಕನ್ನು ಕಟ್ಟಿಬಿಡುತ್ತಿದ್ದರು. ಹೀಗೆ ಸರದಿಯಿದ್ದರೂ ವೇಗದ ಸಾರೋಟುಗಳಲ್ಲಿ ಕುದುರೆಯೊಂದು ಮೂರು ನಾಲ್ಕು ವರ್ಷಗಳಿಗಿಂತ ಹೆಚ್ಚು ಬಾಳಿಕೆ ಬರುತ್ತಿರಲಿಲ್ಲ. ಮಂಡಿ ಮುರಿದೋ ಉಸಿರು ಕೆಟ್ಟೋ ಅಗ್ಗಕ್ಕೆ ಮಾರಾಟವಾಗಿ, ಬಾಡಿಗೆ ಬಂಡಿಗೋ ಉಳುಮೆಗೋ ಹೋಗುವುದು ಅದರ ಹಣೆಬರಹ. ಪೊಲಾರ್ಡನ ಕುದುರೆಗಳ ಮೈಯಲ್ಲಿ ಈ ದಣಿವಿನ ಗುರುತು ಕಾಣುವುದು ಅಪರೂಪ. ಗೋಡೆಗೆ ತೂಗುಹಾಕಲು ಚಿತ್ರವನ್ನು ಕೊಳ್ಳುವವನಿಗೆ ಅದು ಬೇಕಾಗಿಯೂ ಇರಲಿಲ್ಲ.

ಚಿತ್ರಕಾರರಲ್ಲಿ ಒಬ್ಬನಿಗಾದರೂ ಈ ಬದುಕು ಒಳಗಿನಿಂದ ತಿಳಿದಿತ್ತು. ಜಾನ್ ಫ್ರೆಡರಿಕ್ ಹೆರಿಂಗ್ 1795ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಹತ್ತೊಂಬತ್ತರ ಹರೆಯದಲ್ಲಿ ಡಾಂಕಸ್ಟರಿಗೆ ಹೋಗಿ, ಪಾಂಥಶಾಲೆಗಳ ಫಲಕಗಳಿಗೂ ಸಾರೋಟಿನ ಬಾಗಿಲುಗಳಿಗೂ ಬಣ್ಣ ಹಚ್ಚಿ ಹೊಟ್ಟೆ ಹೊರೆದ. ಬಳಿಕ ತಾನೇ ಸಾರಥಿಯಾಗಿ ಲಗಾಮು ಹಿಡಿದ. ಲಂಡನ್–ಯಾರ್ಕ್ ದಾರಿಯ ‘ಹೈಫ್ಲೈಯರ್’ ಸಾರೋಟನ್ನೂ ಓಡಿಸಿದ. ಬಿಡುವಿನಲ್ಲಿ ಕುದುರೆಗಳನ್ನು ಬರೆಯುತ್ತಿದ್ದ. ಶಾಲೆಯಲ್ಲಿ ಕಲಿತವನಲ್ಲ, ಕಣ್ಣೆದುರಿಗೆ ಹಗಲಿರುಳೂ ಇದ್ದ ಬೆನ್ನು, ಕಿವಿ, ಕೊರಳುಗಳೇ ಅವನಿಗೆ ಪಾಠ. ಪೋಷಕರು ದೊರೆತಾಗ ಚಾವಟಿಯನ್ನು ಬಿಟ್ಟು ಕುಂಚವನ್ನೇ ನಂಬಿದ. ಡಾಂಕಸ್ಟರಿನ ಸೇಂಟ್ ಲೆಜರ್ ಜೂಜಿನಲ್ಲಿ ಗೆದ್ದ ಕುದುರೆಗಳನ್ನು 33 ವರ್ಷ ಎಡೆಬಿಡದೆ ಚಿತ್ರಿಸಿದ.

ಬೇಟೆಯ ಚಿತ್ರಗಳಲ್ಲಿ ಹೆಸರಾದವನು ಹೆನ್ರಿ ಆಲ್ಕೆನ್. ಮೊದಮೊದಲು ‘ಬೆನ್ ಟ್ಯಾಲಿಹೋ’ ಎಂಬ ಗುಪ್ತನಾಮದಲ್ಲಿ ಬರೆದ ಈತನಿಗೆ ಬೇಲಿ ಹಾರುವ ಸವಾರನಿಗಿಂತ ಬೇಲಿಯಾಚೆ ಕೆಸರಿಗೆ ಬಿದ್ದ ಸವಾರನ ಮೇಲೆ ಹೆಚ್ಚು ಪ್ರೀತಿ. ಇವರೆಲ್ಲರ ಕುದುರೆಗಳೂ ನಾಗಾಲೋಟದಲ್ಲಿ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತವೆ. 1821ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಫ್ರಾನ್ಸಿನ ಜೆರಿಕೋ ಕೂಡ ಎಪ್ಸಮ್ ಡರ್ಬಿಯ ಕುದುರೆಗಳನ್ನು ಹಾಗೆಯೇ ಬರೆದ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮರಾಗಳನ್ನಿಟ್ಟು ತೆಗೆದ ಛಾಯಾಚಿತ್ರಗಳು ನಿಜವನ್ನು ಹೊರಗೆಡಹಿದವು: ನಾಗಾಲೋಟದಲ್ಲಿ ನಾಲ್ಕು ಗೊರಸೂ ನೆಲ ಬಿಡುವುದು ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ!

ಅಷ್ಟು ಹೊತ್ತಿಗೆ ಸಾರೋಟುಗಳ ಕಾಲ ಮುಗಿದೇ ಹೋಗಿತ್ತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು, 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು ಓಡಿದವು. ಸುಮಾರು 1,800 ಕುದುರೆಗಳ ಒಡೆಯನಾಗಿದ್ದ ಲಂಡನ್ನಿನ ವಿಲಿಯಂ ಚಾಪ್ಲಿನ್ ಕಾಲದ ಗಾಳಿಯನ್ನು ಬಲ್ಲವನು. ಹಣವನ್ನು ರೈಲಿಗೆ ಹೂಡಿ, ಮುಂದೆ ಒಂದು ರೈಲ್ವೆ ಕಂಪನಿಯ ಅಧ್ಯಕ್ಷನೇ ಆದ. ಲಾಯದಾಳುಗಳಿಗೂ ಸಾರಥಿಗಳಿಗೂ ಅಂಥ ದಾರಿ ಇರಲಿಲ್ಲ. ದಾರಿಬದಿಯ ಪಾಂಥಶಾಲೆಗಳು ಬಿಕೋ ಎಂದವು. 1844ರಲ್ಲಿ ಎಕ್ಸೆಟರಿಗೂ ರೈಲು ಬಂದಿತು. 1846ರ ಹೊತ್ತಿಗೆ ಲಂಡನ್ನಿನಿಂದ ಹೊರಡುತ್ತಿದ್ದ ಟಪಾಲು ಸಾರೋಟುಗಳೆಲ್ಲ ನಿಂತವು.

ಪೊಲಾರ್ಡನಿಗೆ 1840ರಲ್ಲಿ ಪತ್ನೀವಿಯೋಗ, ಪುತ್ರೀವಿಯೋಗ ಎರಡೂ ಒದಗಿದವು. ಬಳಿಕ ಅವನ ಕೈ ಮೊದಲಿನಂತೆ ನಡೆಯಲಿಲ್ಲ. ಹೆರಿಂಗ್ 1853ರಲ್ಲಿ ಟನ್‌ಬ್ರಿಜ್ ಬಳಿಯ ಹಳ್ಳಿಗಾಡಿಗೆ ಹೋಗಿ ನೆಲಸಿದ. ಅಲ್ಲಿ ಆತ ಹೆಚ್ಚಾಗಿ ಬರೆದದ್ದು ಕೊಟ್ಟಿಗೆಯ ಅಂಗಳಗಳನ್ನು: ಹುಲ್ಲು ಮೇಯುತ್ತ ನಿಂತ ಉಳುಮೆಯ ಕುದುರೆಗಳು, ಅವುಗಳ ಕಾಲ ಬಳಿ ಬಾತುಕೋಳಿಗಳು, ಒಂದೆರಡು ಹಂದಿಗಳು. 1865ರಲ್ಲಿ ಅಲ್ಲಿಯೇ ತೀರಿಕೊಂಡ.