ವಿಜಯಪುರಕ್ಕೆ ದೊಡ್ಡ ತಂಡ ಸಾಕುವ ಶಕ್ತಿ ಇದೆಯೇ?

ಪ್ರಶ್ನೆ: ನಮ್ಮ ವಿಜಯಪುರದಂಥ ಊರು ದೊಡ್ಡ ವೃತ್ತಿಪರ ತಂಡವೊಂದನ್ನು ಸಾಕಬಲ್ಲದೇ? – ಓದುಗರೊಬ್ಬರು, ಇಂಗಳೇಶ್ವರ

ಉತ್ತರ: ಹೆಸರಿಗೆ ಒಂದು ತಂಡ ಇದ್ದೇ ಇತ್ತು. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ನಮ್ಮೂರಿನ ಹಳೆಯ ಹೆಸರು ಹೊತ್ತ ಬಿಜಾಪುರ ಬುಲ್ಸ್ 2015ರಲ್ಲೂ 2018ರಲ್ಲೂ ಕಪ್ ಗೆದ್ದಿತು. ಆದರೆ 2018ರ ಫೈನಲ್ ನಡೆದದ್ದು ಮೈಸೂರಿನಲ್ಲಿ. ಇಂಗಳೇಶ್ವರದ ಹುಡುಗ ತನ್ನ ಜಿಲ್ಲೆಯ ತಂಡವನ್ನು ಟಿವಿಯಲ್ಲೇ ನೋಡಬೇಕಾಯಿತು. 2019ರ ಮ್ಯಾಚ್ ಫಿಕ್ಸಿಂಗ್ ಪ್ರಕರಣದ ನಂತರ ಆ ಲೀಗೇ ನಿಂತಿತು. 2022ರಲ್ಲಿ ಅದರ ಜಾಗದಲ್ಲಿ ಮಹಾರಾಜ ಟ್ರೋಫಿ ಶುರುವಾದಾಗ ಕಲಬುರಗಿ, ಹುಬ್ಬಳ್ಳಿಗಳಿಗೆ ತಂಡ ಸಿಕ್ಕಿತು, ವಿಜಯಪುರಕ್ಕೆ ಸಿಗಲಿಲ್ಲ.

ಜನಸಂಖ್ಯೆ ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಗ್ರೀನ್ ಬೇ ಊರಿನಲ್ಲಿ ಇರುವುದು ಸುಮಾರು 1 ಲಕ್ಷ ಜನ. 2011ರ ಜನಗಣತಿಯಲ್ಲೇ ವಿಜಯಪುರ ನಗರದಲ್ಲಿ 3.27 ಲಕ್ಷ ಜನರಿದ್ದರು. ಅಷ್ಟು ಕಡಿಮೆ ಜನರಿದ್ದರೂ ಗ್ರೀನ್ ಬೇಯ ಪ್ಯಾಕರ್ಸ್ ಅಮೆರಿಕನ್ ಫುಟ್‌ಬಾಲ್ ತಂಡ ನೂರು ವರ್ಷದಿಂದ ಊರು ಬಿಟ್ಟಿಲ್ಲ. ತಂಡಕ್ಕೆ ಒಬ್ಬ ಧಣಿ ಇಲ್ಲ, ಷೇರು ಕೊಂಡ ಸಾಮಾನ್ಯ ಜನರೇ ಒಡೆಯರು. ಟಿವಿ ಹಣವನ್ನು ಅಲ್ಲಿನ ಲೀಗ್ ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತದೆ. ಸಣ್ಣ ಊರು ಉಳಿಯುವ ಗುಟ್ಟು ಇದೇ.

ನಮ್ಮಲ್ಲಿ ಪ್ರೇಕ್ಷಕರಿಗೆ ಬರವಿಲ್ಲ. ಜಾತ್ರೆಯ ಕಬಡ್ಡಿಗೆ ಜನ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ನೋಡುತ್ತಾರೆ. ಸೈಕ್ಲಿಂಗ್‌ನಲ್ಲಂತೂ ಈ ಜಿಲ್ಲೆಗೆ ನಾಡಿನಲ್ಲೇ ದೊಡ್ಡ ಹೆಸರು. ಬೇಕಿರುವುದು ಹೊನಲು ಬೆಳಕಿನ ಮೈದಾನ, ಆಟಗಾರರು ತಂಗಲು ಹೋಟೆಲು, ವರ್ಷವಿಡೀ ಕೈಹಿಡಿಯುವ ಪ್ರಾಯೋಜಕರು. ಮುಂದೆ ಯಾರಾದರೂ ವಿಜಯಪುರದ ಹೆಸರಿನಲ್ಲಿ ತಂಡ ಕಟ್ಟಿದರೆ, ನಮ್ಮೂರಲ್ಲಿ ಎಷ್ಟು ಪಂದ್ಯ ಆಡಿಸುತ್ತೀರಿ ಎಂದು ಮೊದಲು ಕೇಳಿ.