‘05’ ಎಂಬ ಉತ್ತರ

ಅಂಗಡಿಯ ಯಂತ್ರಕ್ಕೆ ಕಾರ್ಡ್ ತೋರಿಸಿದ ಮೇಲೆ, ಆ ಕಾರ್ಡ್ ಕೊಟ್ಟ ಬ್ಯಾಂಕಿನಿಂದ ಮರಳಿ ಬರುವ ಉತ್ತರ ಎರಡೇ ಅಂಕಿಯದು. 00 ಎಂದರೆ ಒಪ್ಪಿಗೆ. 51 ಎಂದರೆ ಹಣ ಸಾಲದು. 41 ಕಳೆದುಹೋದ ಕಾರ್ಡು, 43 ಕದ್ದ ಕಾರ್ಡು, 54 ಅವಧಿ ಮುಗಿದ ಕಾರ್ಡು. 1987ರಲ್ಲಿ ಪ್ರಕಟವಾದ ಐಎಸ್‌ಓ 8583 ಎಂಬ ಅಂತರರಾಷ್ಟ್ರೀಯ ಮಾನಕವನ್ನು ಆಧರಿಸಿ ಜಗತ್ತಿನ ಕಾರ್ಡ್ ಜಾಲಗಳು ಹೆಚ್ಚುಕಡಿಮೆ ಇದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ. ಈ ಸಂಖ್ಯೆಗಳ ನಡುವೆ ಅತಿ ಮೌನಿಯಾದದ್ದು 05. ‘ಮಾನ್ಯ ಮಾಡಬೇಡಿ’ ಎಂಬುದಷ್ಟೇ ಅದರ ಅರ್ಥ, ಕಾರಣ ಹೇಳುವುದಿಲ್ಲ. ವಂಚನೆಯ ಗುಮಾನಿಗೆಂದೇ 59 ಎಂಬ ಸಂಖ್ಯೆ ಇದ್ದರೂ ಬ್ಯಾಂಕುಗಳು ಎಷ್ಟೋ ಸಲ 05ನ್ನೇ ಕಳಿಸುತ್ತವೆ. ಕಳ್ಳನಿಗೆ ಸುಳಿವು ಸಿಗಬಾರದೆಂಬುದು ಅದಕ್ಕೊಂದು ಕಾರಣ. ಅಂಗಡಿಯವರಿಗೆ ಕಾಣುವುದು ‘ಡಿಕ್ಲೈನ್ಡ್’ ಎಂಬ ಒಂದೇ ಪದ. ಕಾರ್ಡು ತಮ್ಮದೇ ಆಗಿದ್ದು, ಮಿತಿಯೂ ಧಾರಾಳವಾಗಿದ್ದವರು ಸಾಲಿನಲ್ಲಿ ನಿಂತವರೆದುರು ಕೈಯಲ್ಲಿ ಕಾಸಿಲ್ಲದವರಂತೆ ನಿಲ್ಲಬೇಕಾಗುವುದು ಇಲ್ಲಿಂದಲೇ.

ಕಾರ್ಡಿನ ಆರಂಭದ ದಿನಗಳಲ್ಲಿ ಈ ತೀರ್ಮಾನ ಅಂಗಡಿಯ ಕಟ್ಟೆಯ ಮೇಲೆಯೇ ಆಗುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ಬಿನ ಕಾರ್ಡು ರಟ್ಟಿನದು. ಹೋಟೆಲಿನವರು ಹೆಸರು ನೋಡಿ, ಸಹಿ ನೋಡಿ, ಮುಖ ನೋಡಿ ನಂಬುತ್ತಿದ್ದರು. ಆ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದಲ್ಲಿ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಅಲ್ಲಿನ ಸುಮಾರು 60,000 ಮಂದಿಗೆ, ಅವರು ಕೇಳದೆಯೇ, ಬ್ಯಾಂಕ್‌ಅಮೆರಿಕಾರ್ಡ್ ಎಂಬ ಕಾರ್ಡನ್ನು ಅಂಚೆಯಲ್ಲಿ ಕಳಿಸಿತು. ಯೋಜನೆಯ ರೂವಾರಿ ಜೋಸೆಫ್ ವಿಲಿಯಮ್ಸ್, ಬಾಕಿ ಉಳಿಯುವ ಖಾತೆಗಳು ಶೇ 4ರಷ್ಟು ಇರಬಹುದೆಂದು ಎಣಿಸಿದ್ದರು; ಅದು ಶೇ 22ಕ್ಕೆ ಏರಿತು. ಅಂಚೆ ಪೆಟ್ಟಿಗೆಗಳಿಂದಲೇ ಕಾರ್ಡುಗಳು ಕಳುವಾದವು. ವಿಲಿಯಮ್ಸ್ ಮರುವರ್ಷವೇ ಬ್ಯಾಂಕು ತೊರೆದರು. ಕೇಳದವರಿಗೆ ಕಾರ್ಡು ಕಳಿಸುವುದನ್ನು ಅಮೆರಿಕದ ಕಾನೂನು 1970ರಲ್ಲಿ ನಿಷೇಧಿಸಿತು. ಕದ್ದ ಕಾರ್ಡಿನಿಂದಾದ ನಷ್ಟದಲ್ಲಿ ಗ್ರಾಹಕ ಹೊರಬೇಕಾದ ಪಾಲು 50 ಡಾಲರ್ ಮೀರಬಾರದೆಂದೂ ವಿಧಿಸಿತು. ಮುಂದಿನದಕ್ಕೆಲ್ಲ ಈ ಎರಡನೆಯ ಮಾತೇ ಬೇರು. ನಷ್ಟ ತನ್ನ ತಲೆಗೇ ಬರುತ್ತದೆಂದಾದ ಮೇಲೆ, ಬೇಡವೆನ್ನುವ ಹಕ್ಕನ್ನು ಬ್ಯಾಂಕು ಬಿಗಿಯಾಗಿ ಹಿಡಿದುಕೊಂಡಿತು.

ಆ ಕಾಲದಲ್ಲಿ ಪ್ರತಿ ಅಂಗಡಿಗೂ ಒಂದು ಮೊತ್ತ ನಿಗದಿಯಾಗಿರುತ್ತಿತ್ತು. ಅದಕ್ಕಿಂತ ಕಡಿಮೆಯ ಖರೀದಿಗೆ ಯಾರನ್ನೂ ಕೇಳಬೇಕಿಲ್ಲ. ಕಾರ್ಡನ್ನು ಕೈಯಂತ್ರದಲ್ಲಿಟ್ಟು ಕಾರ್ಬನ್ ಹಾಳೆಯ ಮೇಲೆ ಉಬ್ಬಕ್ಷರಗಳನ್ನು ಒತ್ತಿದರೆ ಮುಗಿಯಿತು. ಕದ್ದ ಕಾರ್ಡುಗಳ ಸಂಖ್ಯೆಗಳನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಿಕೆ ಆಗಾಗ ಅಂಗಡಿಗೆ ಬರುತ್ತಿತ್ತು, ಅದರಲ್ಲೊಮ್ಮೆ ಕಣ್ಣಾಡಿಸಬೇಕು. ಮೊತ್ತ ಮೀರಿದರೆ ಫೋನ್ ಮಾಡಬೇಕು. ಅಂಗಡಿಯವರು ತಮ್ಮ ಬ್ಯಾಂಕಿಗೆ, ಆ ಬ್ಯಾಂಕಿನವರು ಕಾರ್ಡು ಕೊಟ್ಟ ಬ್ಯಾಂಕಿಗೆ. ಉತ್ತರ ಬರುವವರೆಗೆ ಗ್ರಾಹಕರು ನಿಮಿಷಗಟ್ಟಲೆ ಕಾಯಬೇಕಿತ್ತು. ಆ ಕಡೆಯ ಊರಿನಲ್ಲಿ ಬ್ಯಾಂಕು ಬಾಗಿಲು ಹಾಕಿದ್ದರೆ ಉತ್ತರವೇ ಇಲ್ಲ. ಆದರೂ ಆ ಫೋನಿನಲ್ಲಿ ಒಂದು ಅನುಕೂಲವಿತ್ತು. ಗುಮಾನಿ ಬಂದ ಗುಮಾಸ್ತ, ‘ಫೋನನ್ನು ಗ್ರಾಹಕರ ಕೈಗೆ ಕೊಡಿ’ ಎನ್ನಬಹುದಿತ್ತು. ಹುಟ್ಟಿದ ದಿನ, ಮನೆಯ ವಿಳಾಸ ಕೇಳಿ, ಉತ್ತರ ಸರಿಯಿದ್ದರೆ ಒಪ್ಪಿಗೆ ಕೊಡಬಹುದಿತ್ತು. ‘ಕಾರ್ಡು ಕೊಟ್ಟವರನ್ನು ವಿಚಾರಿಸಿ’ ಎಂಬ 01 ಸಂಖ್ಯೆ ಇಂದಿಗೂ ಮಾನಕದಲ್ಲಿ ಉಳಿದುಕೊಂಡಿರುವುದು ಈ ಕಾಲದ ಗುರುತಾಗಿ.

ಬ್ಯಾಂಕ್‌ಅಮೆರಿಕಾರ್ಡನ್ನು ವಿತರಿಸುತ್ತಿದ್ದ ಬ್ಯಾಂಕುಗಳು ಡೀ ಹಾಕ್ ಎಂಬ ಬ್ಯಾಂಕರ್ ನೇತೃತ್ವದಲ್ಲಿ ಒಂದು ಸ್ವತಂತ್ರ ಸಂಸ್ಥೆ ಕಟ್ಟಿಕೊಂಡು, 1973ರಲ್ಲಿ ಒಪ್ಪಿಗೆ ಕೊಡುವ ಕೆಲಸವನ್ನು ಕಂಪ್ಯೂಟರ್ ಜಾಲಕ್ಕೆ ವಹಿಸಿದವು. ಕಾಯುವ ಹೊತ್ತು ಒಂದು ನಿಮಿಷದೊಳಗೆ ಇಳಿಯಿತು. ಅದೇ ಸಂಸ್ಥೆ 1976ರಲ್ಲಿ ವೀಸಾ ಎಂಬ ಹೆಸರು ಇಟ್ಟುಕೊಂಡಿತು. ಎಂಬತ್ತರ ದಶಕದಲ್ಲಿ ಅಗ್ಗದ ಯಂತ್ರಗಳು ಕಟ್ಟೆಯ ಮೇಲೆ ಬಂದು ಕುಳಿತವು, ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿಯನ್ನು ಉಜ್ಜುವ ರೂಢಿ ಬಂತು. ಸಣ್ಣ ಖರೀದಿಗೂ ಬ್ಯಾಂಕನ್ನು ಕೇಳುವುದು ಸಾಧ್ಯವಾಯಿತು. ಗ್ರಾಹಕರನ್ನು ಕೇಳುವುದು ಮಾತ್ರ ನಿಂತಿತು.

ಯಂತ್ರಕ್ಕೆ ವಿವೇಚನೆ ಕಲಿಸುವ ಪ್ರಯತ್ನ ನಡೆದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಪ್ರಸಿದ್ಧ ಕಾರ್ಡಿಗೆ ಮೊದಲೇ ಗೊತ್ತುಮಾಡಿದ ಮಿತಿ ಇರಲಿಲ್ಲವಾದ್ದರಿಂದ, ದೊಡ್ಡ ಖರೀದಿಗಳನ್ನು ಅಲ್ಲಿನ ಗುಮಾಸ್ತರು ಹತ್ತಾರು ಪರದೆಗಳ ಮಾಹಿತಿ ತಿರುವಿ ತೀರ್ಮಾನಿಸುತ್ತಿದ್ದರು. ಅವರಲ್ಲಿ ನುರಿತವರು ಹೇಗೆ ಯೋಚಿಸುತ್ತಾರೆಂದು ಕೇಳಿ ಬರೆದುಕೊಂಡು, ನೂರಾರು ನಿಯಮಗಳ ‘ಆಥರೈಸರ್ಸ್ ಅಸಿಸ್ಟೆಂಟ್’ ಎಂಬ ತಂತ್ರಾಂಶ ಸಿದ್ಧವಾಯಿತು. ಅದು ಸಲಹೆ ಕೊಡುತ್ತಿತ್ತು, ಕಾರಣವನ್ನೂ ಹೇಳುತ್ತಿತ್ತು. ಮುಂದೆ ಬಂದ ತಂತ್ರಗಳು ಈ ಕಾರಣ ಹೇಳುವ ಗುಣವನ್ನು ಕೈಬಿಟ್ಟದ್ದು ಗ್ರಾಹಕರ ಪಾಲಿಗೆ ದೊಡ್ಡ ನಷ್ಟ.

ಆ ತಿರುವು 1992ರದು. ಸ್ಯಾನ್ ಡಿಯೇಗೋದಲ್ಲಿ ರಾಬರ್ಟ್ ಹೆಕ್ಟ್-ನೀಲ್ಸನ್ ಮತ್ತು ಟಾಡ್ ಗುಟ್ಶೋ 1986ರಲ್ಲಿ ಕಟ್ಟಿದ ಎಚ್‌ಎನ್‌ಸಿ ಎಂಬ ಕಂಪನಿ ಫಾಲ್ಕನ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ಮಿದುಳಿನ ನರಜಾಲದ ಮಾದರಿಯಲ್ಲಿ ರಚಿಸಿದ ಈ ತಂತ್ರಾಂಶ, ಹಲವು ಬ್ಯಾಂಕುಗಳು ಒಟ್ಟುಗೂಡಿಸಿದ ಹಳೆಯ ವಹಿವಾಟುಗಳಿಂದ ವಂಚನೆಯ ಚಹರೆ ಕಲಿಯಿತು. ಪ್ರತಿ ಕಾರ್ಡಿಗೂ ಒಂದು ಜಾತಕವಿದ್ದಂತೆ: ಯಾವ ಬಗೆಯ ಅಂಗಡಿ, ಎಷ್ಟು ಮೊತ್ತ, ಯಾವ ಹೊತ್ತು, ಯಾವ ಊರು. ಹೊಸ ಖರೀದಿ ಆ ಜಾತಕಕ್ಕೆ ಎಷ್ಟು ದೂರವೋ ಅಷ್ಟು ಹೆಚ್ಚು ಅಂಕ, ಗರಿಷ್ಠ 999. ಎಷ್ಟು ಅಂಕಕ್ಕೆ ತಡೆಯಬೇಕೆಂಬುದು ಆಯಾ ಬ್ಯಾಂಕಿನ ತೀರ್ಮಾನ. ಕದ್ದ ಕಾರ್ಡಿಗೆ ಜೀವವಿದೆಯೇ ಎಂದು ಮೊದಲು ಸ್ವಯಂಸೇವೆಯ ಪೆಟ್ರೋಲ್ ಬಂಕಿನಲ್ಲಿ ಪರೀಕ್ಷಿಸಿ, ಆಮೇಲೆ ಟಿವಿಯನ್ನೋ ಒಡವೆಯನ್ನೋ ಕೊಳ್ಳುವುದು ಕಳ್ಳರ ಹಳೆಯ ಜಾಡು. ಊರಿಗೆ ಹೊರಟ ಸಂಸಾರವೊಂದು ಪೆಟ್ರೋಲ್ ತುಂಬಿಸಿ, ದಾರಿಯಲ್ಲಿ ಮದುವೆಗೆಂದು ಒಡವೆ ಕೊಂಡರೆ ಅದೂ ಯಂತ್ರಕ್ಕೆ ಅದೇ ಜಾಡಾಗಿ ಕಾಣುತ್ತದೆ.

ಇದು ಯಂತ್ರದ ದಡ್ಡತನವಲ್ಲ, ಲೆಕ್ಕದ ಸ್ವಭಾವ. ಒಂದು ಲಕ್ಷ ಖರೀದಿಗಳಲ್ಲಿ 100 ವಂಚನೆ ಇವೆಯೆಂದು ಇಟ್ಟುಕೊಳ್ಳೋಣ. ಅವುಗಳಲ್ಲಿ 90ನ್ನು ಹಿಡಿಯುವ, ಪ್ರಾಮಾಣಿಕರಲ್ಲಿ ನೂರಕ್ಕೆ ಒಬ್ಬರನ್ನಷ್ಟೇ ತಪ್ಪಾಗಿ ತಡೆಯುವ ಬಲು ಚುರುಕಾದ ವ್ಯವಸ್ಥೆಯನ್ನೇ ಕೂರಿಸಿದರೂ, ಉಳಿದ 99,900ರಲ್ಲಿ 999 ಖರೀದಿಗಳು ಅನ್ಯಾಯವಾಗಿ ನಿಲ್ಲುತ್ತವೆ. ತಡೆದದ್ದು ಒಟ್ಟು 1,089. ಅಂದರೆ ಪ್ರತಿ ಹನ್ನೆರಡರಲ್ಲಿ ಹನ್ನೊಂದು ನಿರಪರಾಧಿಗಳದು. ಕಳ್ಳರು ವಿರಳವಾಗಿರುವ ಕಡೆಯಲ್ಲೆಲ್ಲ ಹೀಗೇ. ತಡೆಯುವ ಅಂಕವನ್ನು ಏರಿಸಿದರೆ ಕಳ್ಳರು ನುಸುಳುತ್ತಾರೆ, ಇಳಿಸಿದರೆ ಸಾಲಿನಲ್ಲಿ ಅವಮಾನಿತರಾಗುವವರು ಹೆಚ್ಚುತ್ತಾರೆ.

ಬ್ಯಾಂಕುಗಳು ಯಾವ ಕಡೆ ವಾಲುತ್ತವೆ ಎಂಬುದನ್ನು ತೀರ್ಮಾನಿಸುವುದು ಖಾತೆ ಪುಸ್ತಕ. ವಂಚನೆಯಾದರೆ ಅದು ರೂಪಾಯಿ ಪೈಸೆ ಸಮೇತ ನಷ್ಟದ ಬಾಬ್ತಿನಲ್ಲಿ ದಾಖಲಾಗುತ್ತದೆ, ಅದಕ್ಕೆ ಉತ್ತರ ಕೊಡಬೇಕಾದ ವಿಭಾಗವೂ ಇರುತ್ತದೆ. ತಪ್ಪಾಗಿ ತಡೆದ ಖರೀದಿ ಹಾಗೆ ಯಾವ ಬಾಬ್ತಿಗೂ ಸೇರುವುದಿಲ್ಲ. ತಡೆದದ್ದು ಕಳ್ಳರನ್ನೋ ಗ್ರಾಹಕರನ್ನೋ ಎಂಬುದೂ ಅವರಾಗಿ ಫೋನ್ ಮಾಡಿ ಹೇಳುವವರೆಗೆ ಬ್ಯಾಂಕಿಗೆ ತಿಳಿಯದು. ಬೇರೆ ಕಾರ್ಡು ತೆಗೆದು ಕೊಟ್ಟು ಸುಮ್ಮನೆ ಹೊರಟವರು ಲೆಕ್ಕಕ್ಕೇ ಇಲ್ಲ. ಅಮೆರಿಕದ ಜಾವೆಲಿನ್ ಎಂಬ ಸಮೀಕ್ಷಾ ಸಂಸ್ಥೆ 2015ರಲ್ಲಿ ಈ ಮರೆಯಲ್ಲಿದ್ದ ಬಾಬ್ತನ್ನು ಅಂದಾಜು ಮಾಡಿ, ಆ ದೇಶದಲ್ಲಿ ವರ್ಷಕ್ಕೆ ತಪ್ಪಾಗಿ ತಡೆದ ಖರೀದಿಗಳ ಮೊತ್ತ 11,800 ಕೋಟಿ ಡಾಲರ್ ಎಂದಿತು. ನಿಜವಾದ ಕಾರ್ಡ್ ವಂಚನೆ 900 ಕೋಟಿ ಡಾಲರ್.

ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಬೆಳಿಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಾಫಿ ಕೊಂಡು ರಾತ್ರಿ ಫ್ರಾಂಕ್‌ಫರ್ಟಿನಲ್ಲಿ ರೈಲು ಟಿಕೆಟ್ ಕೊಳ್ಳುವವರು, ಓದಲೆಂದು ಹೊಸ ದೇಶಕ್ಕೆ ಹೋದ ವಿದ್ಯಾರ್ಥಿಗಳು, ಎಂದೂ ಸಾವಿರ ದಾಟದ ಕಾರ್ಡಿನಲ್ಲಿ ಆಸ್ಪತ್ರೆಯ ಲಕ್ಷದ ಬಿಲ್ಲು ಕಟ್ಟಲು ಹೊರಟವರು, ಎಲ್ಲರೂ ತಮ್ಮ ಜಾತಕದಿಂದ ದೂರ ಸರಿದವರೇ. ನೆರವು ಹೆಚ್ಚು ಬೇಕಾದ ಹೊತ್ತಿನಲ್ಲೇ ಕಾರ್ಡು ಕೈಕೊಡುವ ಸಂಭವ ಹೆಚ್ಚು ಎಂಬುದು ಈ ವ್ಯವಸ್ಥೆಯ ಅತಿ ಕ್ರೂರವಾದ ಮುಖ. ಅಮೆರಿಕಕ್ಕೆ ಹೋದ ಕನ್ನಡಿಗರು ಎದುರಿಸುವ ಇನ್ನೊಂದು ತೊಡಕು ತೀರ ಸರಳವಾದದ್ದು. ಅಲ್ಲಿನ ಪೆಟ್ರೋಲ್ ಪಂಪಿನ ಯಂತ್ರ ಎಷ್ಟೋ ಕಡೆ ಮನೆಯ ವಿಳಾಸದ ಐದಂಕಿಯ ಪಿನ್‌ಕೋಡ್ ಕೇಳುತ್ತದೆ. ಮೈಸೂರಿನ 570001ಕ್ಕೆ ಆರು ಅಂಕಿ. ಒಂದನ್ನು ಬಿಟ್ಟು ಒತ್ತಿದರೂ ತಾಳೆಯಾಗುವುದಿಲ್ಲ. ಒಳಗೆ ಹೋಗಿ, ಇಷ್ಟು ಡಾಲರಿಗೆಂದು ಮುಂಗಡ ಕಟ್ಟಿ ಬರುವುದೇ ಅದಕ್ಕೆ ದಾರಿ.

ಭಾರತ ಹಿಡಿದದ್ದು ಬೇರೆ ಹಾದಿ. ಗುಮಾನಿ ಬಂದವರನ್ನಷ್ಟೇ ಪ್ರಶ್ನಿಸುವ ಬದಲು ಎಲ್ಲರನ್ನೂ ಪ್ರಶ್ನಿಸುವ ಕ್ರಮವನ್ನು ರಿಸರ್ವ್ ಬ್ಯಾಂಕ್ ತಂದಿತು. ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲೆ ಅಚ್ಚಾಗಿರದ ಮತ್ತೊಂದು ದೃಢೀಕರಣ 2009ರ ಆಗಸ್ಟ್ 1ರಿಂದ ಕಡ್ಡಾಯವಾಯಿತು, ಮುಂದೆ ಅದು ಓಟಿಪಿಯ ರೂಪದಲ್ಲಿ ಮನೆಮಾತಾಯಿತು. ಫೋನಿನ ಕಾಲದಲ್ಲಿದ್ದ ಉತ್ತರಿಸುವ ಅವಕಾಶ ಗ್ರಾಹಕರಿಗೆ ಹೀಗೆ ಒಂದು ಮಟ್ಟಿಗೆ ಮರಳಿತು. ಆದರೆ ಸಿಗ್ನಲ್ ಸಿಗದ ಮಲೆನಾಡಿನ ಮನೆಯಲ್ಲಿ, ರೋಮಿಂಗ್ ಇಲ್ಲದ ಸಿಮ್ಮಿನಲ್ಲಿ ಆ ಅವಕಾಶ ಬಂದು ತಲುಪುವುದಿಲ್ಲ.

ನಿಯಮಗಳೇ ನಿರಾಕರಣೆಗೆ ಕಾರಣವಾದದ್ದೂ ಉಂಟು. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗಷ್ಟೇ ತೆರೆದು ಬರುತ್ತವೆ. ಆನ್‌ಲೈನ್ ಖರೀದಿ, ವಿದೇಶ ಬಳಕೆ ಬೇಕಾದವರು ಆ್ಯಪಿನಲ್ಲಿ ತಾವೇ ತೆರೆದುಕೊಳ್ಳಬೇಕು. ಸಿಂಗಪುರದ ಅಂಗಡಿಯಲ್ಲಿ ಕಾರ್ಡು ನಡೆಯದಿದ್ದರೆ ಅದು ವಂಚನೆಯ ಗುಮಾನಿಯೋ, ಮನೆಯಲ್ಲೇ ಒತ್ತಲು ಮರೆತ ಗುಂಡಿಯೋ ಎಂದು ಅಲ್ಲಿ ನಿಂತವರಿಗೆ ತಿಳಿಯುವುದಿಲ್ಲ. 2021ರ ಅಕ್ಟೋಬರ್ 1ರಂದು ತಿಂಗಳ ಚಂದಾ ತಾನಾಗಿ ಕಡಿತವಾಗುವುದಕ್ಕೆ ಹೊಸ ನಿಯಮ ಜಾರಿಯಾದಾಗ, ಸಿದ್ಧತೆ ಮುಗಿಸದ ಬ್ಯಾಂಕುಗಳ ಗ್ರಾಹಕರ ಪಾವತಿಗಳು ಸಾಲುಸಾಲಾಗಿ ನಿಂತವು. ಪ್ರತಿ ಸಲ ದೃಢೀಕರಣ ಬೇಡದ ಮಿತಿ ಆಗ 5,000 ರೂಪಾಯಿ. 2022ರ ಜೂನಿನಲ್ಲಿ ಅದು 15,000ಕ್ಕೆ ಏರಿತು.

ಪರಿಹಾರದ ನಿಯಮಗಳಲ್ಲೂ ಖಾತೆ ಪುಸ್ತಕದ ಓರೆ ಎದ್ದು ಕಾಣುತ್ತದೆ. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ವಂಚನೆಯಾಗಿ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರು ನಯಾಪೈಸೆ ಹೊರಬೇಕಿಲ್ಲವೆಂದು 2017ರ ಜುಲೈ ಸುತ್ತೋಲೆ ಹೇಳಿತು. ಹಣ ಕಡಿತವಾಗಿಯೂ ಅಂಗಡಿಗೆ ಖಾತ್ರಿ ತಲುಪದಿದ್ದರೆ, ಐದು ದಿನ ದಾಟಿದ ಮೇಲೆ ದಿನಕ್ಕೆ 100 ರೂಪಾಯಿ ಕೊಡಬೇಕೆಂದು 2019ರ ಸೆಪ್ಟೆಂಬರಿನ ಸುತ್ತೋಲೆ ಸೇರಿಸಿತು. ಹಣವೇ ಕಡಿತವಾಗದೆ, ಬರೀ ಗುಮಾನಿಯಿಂದ ತಡೆದ ಖರೀದಿ ಈ ಎರಡರ ವ್ಯಾಪ್ತಿಗೂ ಬರುವುದಿಲ್ಲ.

ತಪ್ಪು ತಡೆಯನ್ನು ಕಡಿಮೆ ಮಾಡುವ ಕೆಲಸ ನಡೆದೇ ಇದೆ. ಎಂಐಟಿಯ ಕಲ್ಯಾಣ್ ವೀರಮಾಚನೇನಿ ಅವರ ತಂಡ 2018ರಲ್ಲಿ, ಒಂದು ದೊಡ್ಡ ಬ್ಯಾಂಕಿನ ಹದಿನೆಂಟು ಲಕ್ಷಕ್ಕೂ ಹೆಚ್ಚು ವಹಿವಾಟುಗಳ ಮೇಲೆ ಪರೀಕ್ಷೆ ಮಾಡಿತು. ಪ್ರತಿ ಕಾರ್ಡಿನ ಹಿಂದಿನ ನಡವಳಿಕೆಯಿಂದ ಇನ್ನೂರಕ್ಕೂ ಹೆಚ್ಚು ಲಕ್ಷಣಗಳನ್ನು ಕಂಪ್ಯೂಟರೇ ಹೆಕ್ಕಿ ತೆಗೆಯುವಂತೆ ಮಾಡಿದಾಗ ತಪ್ಪು ಗುಮಾನಿ ಶೇ 54ರಷ್ಟು ಇಳಿಯಿತು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳೂ ಓಟಿಪಿಗೆ ಬೇರೆ ಪರ್ಯಾಯಗಳನ್ನು ಒಪ್ಪಿ, ಸ್ಥಳ, ಮೊಬೈಲ್ ಸಾಧನ, ನಡವಳಿಕೆ ನೋಡಿ ಅಪಾಯ ಅಳೆಯಲು ಅವಕಾಶ ಕೊಟ್ಟಿವೆ. ಜಾರಿಯ ದಿನ 2026ರ ಏಪ್ರಿಲ್ 1. ಗುಮಾನಿ ಬಂದಾಗ ಖರೀದಿಯನ್ನು ತಡೆದು, ‘ಇದು ನಿಮ್ಮದೇ?’ ಎಂದು ಕೂಡಲೇ ಸಂದೇಶ ಕಳಿಸಿ, ಹೌದೆಂದರೆ ಕಾರ್ಡನ್ನು ತೆರೆಯುವ ಕ್ರಮ ಹಲವು ದೇಶಗಳ ಬ್ಯಾಂಕುಗಳಲ್ಲಿ ಬಳಕೆಗೆ ಬಂದಿದೆ. ಆ ‘ಹೌದು’ ತಂತ್ರಾಂಶ ಕಲಿಯುವ ದಾಖಲೆಗೂ ಸೇರಿ, ಯಾವ ಬಾಬ್ತಿಗೂ ಸೇರದಿದ್ದ ತಪ್ಪಿಗೆ ಅಲ್ಲೊಂದು ಸಾಲು ಸಿಗುತ್ತದೆ. ತಡೆದ ಖರೀದಿ ಮಾತ್ರ ತಾನಾಗಿ ಮುಂದುವರಿಯುವುದಿಲ್ಲ. ಅಂಗಡಿಯವರಿಗೆ ಹೇಳಿ ಕಾರ್ಡನ್ನು ಇನ್ನೊಮ್ಮೆ ಯಂತ್ರಕ್ಕೆ ತೋರಿಸಬೇಕು.