ಗಂಡಸರಲ್ಲಿ ಕ್ಯಾನ್ಸರ್ ಸಾವು: ಸೀಮೆಯಿಂದ ಸೀಮೆಗೆ ಏಕೆ ಇಷ್ಟು ವ್ಯತ್ಯಾಸ?

ಒಂದೇ ತಳಿಯ ರಾಗಿಯನ್ನು ಒಂದೇ ವಾರದಲ್ಲಿ ಬಿತ್ತಿದರೂ ದಿಣ್ಣೆಯ ಹೊಲದಲ್ಲಿ ಒಂದು ಇಳುವರಿ, ಕೆರೆಯ ಕೆಳಗಿನ ಹೊಲದಲ್ಲಿ ಇನ್ನೊಂದು ಇಳುವರಿ ಬರುವುದು ರೈತರಿಗೆ ಹೊಸ ಸಂಗತಿಯಲ್ಲ. ವ್ಯತ್ಯಾಸ ಕಂಡ ಕೂಡಲೆ ರೈತನು ಮಣ್ಣು, ನೀರು, ಗೊಬ್ಬರ, ಬಿತ್ತನೆಯ ಕಾಲ ಇವುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ ಕಾರಣ ಹುಡುಕುತ್ತಾನೆ. ಆದರೆ ಮನೆಯ ಯಜಮಾನನಿಗೆ ಕ್ಯಾನ್ಸರ್ ಬಂದಾಗ ಮಾತ್ರ ‘ಹಣೆಯಲ್ಲಿ ಬರೆದಿತ್ತು’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಹೊಲವನ್ನು ಹೋಲಿಸಿದಂತೆಯೇ ಊರುಗಳನ್ನು, ಜಿಲ್ಲೆಗಳನ್ನು, ರಾಜ್ಯಗಳನ್ನು ಹೋಲಿಸಿದರೆ ಈ ರೋಗದ ಅನೇಕ ಕಾರಣಗಳು ಹೊರಬೀಳುತ್ತವೆ. ಅವುಗಳಲ್ಲಿ ಕೆಲವು ನಮ್ಮ ಹೊಲ, ಕಣ ಮತ್ತು ಕಣಜಗಳಿಗೇ ಸಂಬಂಧಿಸಿವೆ. ಆದುದರಿಂದ ಈ ವಿಷಯವನ್ನು ರೈತರು ತಿಳಿದಿರುವುದು ಅಗತ್ಯ.

ಹೋಲಿಸುವ ಬಗೆ

ಎರಡು ಊರುಗಳ ಇಳುವರಿಯನ್ನು ಹೋಲಿಸುವಾಗ ನಾವು ಒಟ್ಟು ಮೂಟೆಗಳನ್ನು ಎಣಿಸುವುದಿಲ್ಲ, ಎಕರೆಗೆ ಎಷ್ಟು ಎಂದು ಕೇಳುತ್ತೇವೆ. ಹಾಗೆಯೇ ಸಾವಿನ ಪ್ರಮಾಣವನ್ನು ಒಂದು ಲಕ್ಷ ಗಂಡಸರಿಗೆ ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಇಷ್ಟೇ ಸಾಲದು. ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರಿಗೆ ಬರುವ ರೋಗ. ಮುದುಕರು ಹೆಚ್ಚಾಗಿರುವ ಊರಿನಲ್ಲಿ ಸಾವು ಹೆಚ್ಚಾಗಿ ಕಾಣುವುದು ಸಹಜ.

ಉದಾಹರಣೆಗೆ, ತಲಾ 1,000 ಗಂಡಸರಿರುವ ಎರಡು ಊರುಗಳನ್ನು ಊಹಿಸಿಕೊಳ್ಳಿ. ಎರಡರಲ್ಲಿಯೂ ಹತ್ತು ವರ್ಷಗಳಲ್ಲಿ ಕಿರಿಯರಲ್ಲಿ ನೂರಕ್ಕೆ ಒಬ್ಬರು, ಹಿರಿಯರಲ್ಲಿ ಹತ್ತಕ್ಕೆ ಒಬ್ಬರು ಈ ರೋಗದಿಂದ ಸಾಯುತ್ತಾರೆ ಎನ್ನೋಣ. ಮೊದಲನೆಯ ಊರಿನಲ್ಲಿ ಕಿರಿಯರು 900, ಹಿರಿಯರು 100. ಅಲ್ಲಿ 9 ಮತ್ತು 10 ಸೇರಿ 19 ಸಾವು. ಎರಡನೆಯ ಊರಿನಲ್ಲಿ ಕಿರಿಯರು 700, ಹಿರಿಯರು 300. ಅಲ್ಲಿ 7 ಮತ್ತು 30 ಸೇರಿ 37 ಸಾವು. ಎರಡೂ ಊರಿನಲ್ಲಿ ಅಪಾಯ ಒಂದೇ ಆಗಿದ್ದರೂ ಎರಡನೆಯದರಲ್ಲಿ ಸಾವು ಸುಮಾರು ಎರಡರಷ್ಟು ಕಾಣುತ್ತದೆ. ಈ ತಪ್ಪು ಎಣಿಕೆಯನ್ನು ತಪ್ಪಿಸಲು ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆಯೇ ಪ್ರದೇಶಗಳನ್ನು ಹೋಲಿಸುತ್ತಾರೆ. ಮುಂದೆ ಪ್ರದೇಶಗಳನ್ನು ಹೋಲಿಸಿ ಕೊಟ್ಟಿರುವ ಪ್ರಮಾಣಗಳು ಅಂತಹವು.

ನಮ್ಮ ದೇಶದ ಚಿತ್ರ

ನಮ್ಮಲ್ಲಿ ಹಳ್ಳಿಗಳ ಹೆಚ್ಚಿನ ಸಾವುಗಳು ಮನೆಯಲ್ಲೇ ಆಗುತ್ತವೆ, ವೈದ್ಯರ ಪ್ರಮಾಣಪತ್ರ ಇರುವುದಿಲ್ಲ. ಈ ಕೊರತೆಯನ್ನು ನೀಗಲು 2001ರಿಂದ 2003ರವರೆಗೆ ದೇಶದ 6,671 ಸಣ್ಣ ಪ್ರದೇಶಗಳಲ್ಲಿ ಸಂಭವಿಸಿದ 1,22,429 ಸಾವುಗಳನ್ನು ಪರಿಶೀಲಿಸಲಾಯಿತು. ತರಬೇತಿ ಪಡೆದವರು ಮನೆಮನೆಗೆ ಹೋಗಿ, ಸತ್ತವರಿಗೆ ಕಾಣಿಸಿಕೊಂಡಿದ್ದ ಲಕ್ಷಣಗಳನ್ನು ಮನೆಯವರಿಂದ ಕೇಳಿ ಬರೆದುಕೊಂಡರು. ಆ ಬರಹವನ್ನು ವೈದ್ಯರು ಓದಿ ಕಾರಣವನ್ನು ನಿರ್ಧರಿಸಿದರು. ಈ ಆಧಾರದ ಮೇಲೆ 2010ರಲ್ಲಿ ದೇಶದಲ್ಲಿ ಸುಮಾರು 5,56,400 ಜನ ಕ್ಯಾನ್ಸರಿನಿಂದ ಸತ್ತರೆಂದು ಅಂದಾಜು ಮಾಡಲಾಯಿತು. ಇವರಲ್ಲಿ ನೂರಕ್ಕೆ 71 ಜನ 30ರಿಂದ 69 ವರ್ಷದ ಒಳಗಿನವರು, ಅಂದರೆ ದುಡಿದು ಸಂಸಾರ ಸಾಗಿಸುವ ವಯಸ್ಸಿನವರು.

ಈ ವಯಸ್ಸಿನ ಗಂಡಸರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ (ಶೇಕಡಾ 22.9). ಅನಂತರ ಜಠರ (ಶೇಕಡಾ 12.6), ಆಮೇಲೆ ಶ್ವಾಸಕೋಶ (ಶೇಕಡಾ 11.4). ಗಂಡಸರ ಕ್ಯಾನ್ಸರ್ ಸಾವುಗಳಲ್ಲಿ ಶೇಕಡಾ 42ರಷ್ಟು ಹೊಗೆಸೊಪ್ಪಿಗೆ ಸಂಬಂಧಿಸಿದ ಬಗೆಯವು.

ಕ್ಯಾನ್ಸರ್ ಪಟ್ಟಣದವರ ಕಾಯಿಲೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಈ ವಯಸ್ಸಿನ ಗಂಡಸರಲ್ಲಿ ಸಾವಿನ ಪ್ರಮಾಣ ಲಕ್ಷಕ್ಕೆ ಪಟ್ಟಣದಲ್ಲಿ 102.4 ಇದ್ದರೆ ಹಳ್ಳಿಯಲ್ಲಿ 95.6, ಅಂತರ ಅಲ್ಪ. ದೊಡ್ಡ ಅಂತರ ಇರುವುದು ಓದಿನಲ್ಲಿ. ಓದು ಇಲ್ಲದ ಗಂಡಸರಲ್ಲಿ ಲಕ್ಷಕ್ಕೆ 106.6, ಹೆಚ್ಚು ಓದಿದವರಲ್ಲಿ 45.7.

ಇದಕ್ಕಿಂತ ದೊಡ್ಡ ಅಂತರ ಸೀಮೆ ಸೀಮೆಗಳ ನಡುವೆ ಇದೆ. ಈಶಾನ್ಯ ರಾಜ್ಯಗಳಲ್ಲಿ 30 ವರ್ಷದ ಗಂಡಸು, ಬೇರೆ ಕಾರಣದಿಂದ ಸಾಯದಿದ್ದರೆ, 70 ವರ್ಷ ತುಂಬುವುದರೊಳಗೆ ಕ್ಯಾನ್ಸರಿನಿಂದ ಸಾಯುವ ಸಂಭವ ನೂರಕ್ಕೆ 11.2. ಅದಕ್ಕೆ ಅಷ್ಟೇನೂ ದೂರವಲ್ಲದ ಬಿಹಾರ, ಜಾರ್ಖಂಡ್ ಮತ್ತು ಒಡಿಶಾಗಳಲ್ಲಿ ಇದು ನೂರಕ್ಕೆ 3ಕ್ಕಿಂತ ಕಡಿಮೆ.

ಹೊಸದಾಗಿ ರೋಗ ಬಂದವರ ಎಣಿಕೆಯೂ ಇದನ್ನೇ ಹೇಳುತ್ತದೆ. ರೋಗಿಗಳನ್ನು ದಾಖಲೆ ಮಾಡುವ ರಾಷ್ಟ್ರೀಯ ಯೋಜನೆ 1981ರಲ್ಲಿ ಪ್ರಾರಂಭವಾಯಿತು. ಮೊದಲ ದಾಖಲೆ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. 2012-16ರ ದಾಖಲೆಯಂತೆ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ 269.4 ಜನರಿಗೆ ಹೊಸದಾಗಿ ಕ್ಯಾನ್ಸರ್ ಕಂಡುಬಂದರೆ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಮತ್ತು ಬೀಡ್ ಜಿಲ್ಲೆಗಳಲ್ಲಿ 39.5 ಮಾತ್ರ. ಅಂದರೆ ಸುಮಾರು ಏಳು ಪಟ್ಟು ಅಂತರ. ಉಸ್ಮಾನಾಬಾದ್ ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡೇ ಇದೆ.

ಈಶಾನ್ಯದಲ್ಲಿ ಏಕೆ ಹೆಚ್ಚು?

ಮುಖ್ಯ ಕಾರಣ ಹೊಗೆಸೊಪ್ಪು. 2016-17ರ ಸಮೀಕ್ಷೆಯಂತೆ 15 ವರ್ಷ ಮೀರಿದವರಲ್ಲಿ ಹೊಗೆಸೊಪ್ಪು ಬಳಸುವವರು ತ್ರಿಪುರಾದಲ್ಲಿ ಶೇಕಡಾ 64.5, ಮಿಜೋರಾಂನಲ್ಲಿ 58.7, ಗೋವಾದಲ್ಲಿ 9.7. ಕರ್ನಾಟಕದಲ್ಲಿ 22.8, ಆದರೆ ನಮ್ಮ ಗಂಡಸರನ್ನಷ್ಟೇ ತೆಗೆದುಕೊಂಡರೆ 35.2, ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಮಿಜೋರಾಂನಲ್ಲಿ ಹೊಗೆಸೊಪ್ಪಿನ ಹೊಗೆಯನ್ನು ನೀರಿನೊಳಗೆ ಹಾಯಿಸಿ, ಆ ನೀರನ್ನು ಬಾಯಿಯಲ್ಲಿ ಇಟ್ಟುಕೊಳ್ಳುವ ‘ತುಯಿಬುರ್’ ಎಂಬ ಪದ್ಧತಿಯೂ ಇದೆ. ಅಲ್ಲಿ ಜಠರದ ಕ್ಯಾನ್ಸರ್ ಹೆಚ್ಚು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಸಿ ಅಡಿಕೆಯನ್ನು ಎಲೆ ಸುಣ್ಣದೊಡನೆ ದಿನವಿಡೀ ಅಗಿಯುತ್ತಾರೆ, ಜೊತೆಗೆ ಧೂಮಪಾನವೂ ಇದೆ. ಅಲ್ಲಿ ಗಂಡಸರ ಅನ್ನನಾಳದ ಕ್ಯಾನ್ಸರ್ ದೇಶದಲ್ಲಿಯೇ ಅತಿ ಹೆಚ್ಚು.

ಆದರೆ ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸಲಾಗದು. ಒಡಿಶಾದಲ್ಲಿಯೂ ಹೊಗೆಸೊಪ್ಪು ಬಳಸುವವರು ಶೇಕಡಾ 45.6ರಷ್ಟಿದ್ದರು; ಆದರೂ ಅಲ್ಲಿ ದಾಖಲಾದ ಕ್ಯಾನ್ಸರ್ ಸಾವು ಕಡಿಮೆ. ಸೇದುವುದೋ ಅಗಿಯುವುದೋ, ದಿನಕ್ಕೆ ಎಷ್ಟು ಹೊತ್ತು, ಯಾವ ವಯಸ್ಸಿನಿಂದ, ಜೊತೆಗೆ ಮದ್ಯ ಇದೆಯೋ, ಊಟದಲ್ಲಿ ಏನಿದೆ ಇವೆಲ್ಲವೂ ಸೇರಿ ಫಲ ಕೊಡುತ್ತವೆ. ಮೇಲಾಗಿ ಈ ರೋಗ ತೋಟದ ಬೆಳೆಯಂತೆ. ಬೀಜ ಬಿದ್ದ 20-30 ವರ್ಷಗಳ ಮೇಲೆ ಫಸಲು. ಇಂದಿನ ಸಾವು ಹಿಂದಿನ ಚಟದ ಫಲ. ಇಂದು ಹುಡುಗರು ಕಲಿಯುವ ಚಟದ ಫಲ ಮುಂದೆ ಕಾಣಬೇಕಾಗಿದೆ.

ಅಡಿಕೆ ಬೆಳೆಗಾರರಿಗೆ ಒಂದು ಮಾತು

ಕರ್ನಾಟಕ ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ಹೊಗೆಸೊಪ್ಪು, ನಿಪ್ಪಾಣಿಯ ಕಡೆ ಬೀಡಿ ಹೊಗೆಸೊಪ್ಪು ಸಾವಿರಾರು ಸಂಸಾರಗಳಿಗೆ ಅನ್ನ ಕೊಡುತ್ತಿವೆ. ಆದರೂ ನಿಜವನ್ನು ಮುಚ್ಚಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೂ, ಹೊಗೆಸೊಪ್ಪು ಇಲ್ಲದ ಅಡಿಕೆಯೂ ಹಾಗೆಯೇ ಎಂದು 2004ರಲ್ಲಿಯೂ ಪ್ರಕಟಿಸಿತು. ಬೆಳೆಯುವುದು ಬೇರೆ, ಅಗಿಯುವುದು ಬೇರೆ. ತೋಟದ ಬಗೆಗಿನ ನಿರ್ಧಾರಕ್ಕೆ ಮಾರುಕಟ್ಟೆ, ಸಾಲ, ಮಣ್ಣು ಎಲ್ಲವನ್ನೂ ನೋಡಬೇಕಾಗುತ್ತದೆ. ಬಾಯಿಗೆ ಹಾಕಿಕೊಳ್ಳುವ ನಿರ್ಧಾರ ಮಾತ್ರ ಇಂದೇ ಕೈಯಲ್ಲಿದೆ.

ಬೂಷ್ಟು ಹಿಡಿದ ಕಾಳಿನ ವಿಷ

ಊಟದ ಕಾಳೇ ಒಂದು ಸೀಮೆಯ ಗಂಡಸರಿಗೆ ಮುಳುವಾದ ಉದಾಹರಣೆ ಚೀನಾ ದೇಶದ್ದು. ಶಾಂಘೈ ನಗರದ ಉತ್ತರಕ್ಕೆ, ಯಾಂಗ್‌ಟ್ಸೆ ನದಿ ಸಮುದ್ರ ಸೇರುವಲ್ಲಿ ಚಿಡೊಂಗ್ ಎಂಬ ಪ್ರಾಂತವಿದೆ. ಅಲ್ಲಿ ಪಿತ್ತಜನಕಾಂಗದ ಕ್ಯಾನ್ಸರಿನಿಂದ ಸಾಯುವವರು ಬಹಳ. ಅದರಲ್ಲೂ ಗಂಡಸರು ಹೆಂಗಸರ ಸುಮಾರು ಮೂರು ಪಟ್ಟು. ತೇವದ ಹವೆಯ ಆ ಸೀಮೆಯಲ್ಲಿ ಜನರ ಮುಖ್ಯ ಆಹಾರ ಮುಸುಕಿನ ಜೋಳವಾಗಿತ್ತು. ಸರಿಯಾಗಿ ಒಣಗದ ಜೋಳದ ಮೇಲೆ ಒಂದು ಬಗೆಯ ಹಳದಿ-ಹಸಿರು ಬೂಷ್ಟು ಬೆಳೆದು ‘ಅಫ್ಲಾಟಾಕ್ಸಿನ್’ ಎಂಬ ವಿಷವನ್ನು ಉತ್ಪಾದಿಸುತ್ತದೆ. ಕಾಮಾಲೆ ತರುವ ಹೆಪಟೈಟಿಸ್-ಬಿ ವೈರಸ್ ಇದ್ದವರಿಗೆ ಈ ವಿಷವೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆಂದು ಶಾಂಘೈನ 18,244 ಗಂಡಸರ ಅಧ್ಯಯನದಿಂದ 1992ರಲ್ಲಿ ತಿಳಿದುಬಂದಿತು.

1980ರ ದಶಕದಲ್ಲಿ ಆ ಪ್ರಾಂತಕ್ಕೆ ಹೊರಗಿನ ಅಕ್ಕಿ ಸುಲಭವಾಗಿ ಬರತೊಡಗಿ, ಜನರು ಜೋಳ ಬಿಟ್ಟು ಅನ್ನ ಉಣ್ಣತೊಡಗಿದರು. ಅವರ ರಕ್ತದಲ್ಲಿ ಈ ವಿಷದ ಗುರುತು ಕ್ರಮೇಣ ಇಳಿದುಹೋಯಿತು. ಹೆಪಟೈಟಿಸ್ ಲಸಿಕೆ ಬರುವ ಮೊದಲೇ ಹುಟ್ಟಿದವರಲ್ಲಿಯೂ ಈ ಕ್ಯಾನ್ಸರಿನ ಸಾವು ಬಹಳ ಕಡಿಮೆಯಾಯಿತೆಂದು 2013ರಲ್ಲಿ ವರದಿಯಾಯಿತು. ಮನೆಯ ಕಾಳು ಬದಲಾದುದರಿಂದ ಒಂದು ಸೀಮೆಯ ಸಾವಿನ ಲೆಕ್ಕವೇ ಬದಲಾಯಿತು.

ಈ ವಿಷ ನಮಗೂ ದೂರದ್ದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಮೊದಲು ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಬೇಯಿಸಿದರೆ, ಹುರಿದರೆ ಈ ವಿಷ ಪೂರ್ಣವಾಗಿ ಹೋಗುವುದಿಲ್ಲ. ಕೆಟ್ಟ ಹಿಂಡಿ ತಿಂದ ಹಸುವಿನ ಹಾಲಿನಲ್ಲಿಯೂ ಅದರ ಅಂಶ ಬರುತ್ತದೆ. ಇದನ್ನು ತಡೆಯಲು ಈ ಕ್ರಮಗಳನ್ನು ಅನುಸರಿಸಬೇಕು:

1. ನೆಲಗಡಲೆ ಕಾಯಿ ಬಲಿಯುವ ಕಾಲದಲ್ಲಿ ಬರ ಬಿದ್ದರೆ ಬೂಷ್ಟು ಹೊಲದಲ್ಲಿಯೇ ಸೇರುತ್ತದೆ. ನೀರಿನ ಅನುಕೂಲವಿದ್ದರೆ ಆಗ ಒಂದು ನೀರು ಕೊಡಬೇಕು.
2. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಸಾಲಾಗಿ ಹರಡಿ ಒಣಗಿಸಬೇಕು. ಹಸಿ ಗಿಡಗಳನ್ನು ಬಣವೆ ಹಾಕಬಾರದು.
3. ಕಾಯಿಯ ತೇವಾಂಶ ಶೇಕಡಾ 8ಕ್ಕೆ, ಮುಸುಕಿನ ಜೋಳದ ತೇವಾಂಶ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಾಯಿ ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡಬೇಕು.
4. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನು ಬಿಡಬೇಕು.
5. ಒಡೆದ, ಹುಳು ತಿಂದ, ಮುರುಟಿದ, ಬಣ್ಣಗೆಟ್ಟ ಬೀಜಗಳನ್ನು ಬೇರ್ಪಡಿಸಿ ನಾಶಮಾಡಬೇಕು. ಮನೆಗೂ ಬೇಡ, ದನಕ್ಕೂ ಬೇಡ, ಎಣ್ಣೆಗೂ ಬೇಡ.
6. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಜೋಡಿಸಬೇಕು.

ಕೀಟನಾಶಕಗಳ ಪಾತ್ರ

ಔಷಧಿ ಸಿಂಪಡಿಸುವುದರಿಂದಲೇ ಕ್ಯಾನ್ಸರ್ ಹೆಚ್ಚಾಗಿದೆಯೇ ಎಂದು ಹಲವು ರೈತರು ಕೇಳುತ್ತಾರೆ. ಕೆಲವು ಔಷಧಿಗಳ ಬಗೆಗೆ ಎಚ್ಚರಿಕೆ ಇರುವುದು ನಿಜ. ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯು 2015ರಲ್ಲಿ ಲಿಂಡೇನ್ ಕ್ಯಾನ್ಸರ್‌ಕಾರಕವೆಂದೂ, ಮೆಲಾಥಿಯಾನ್, ಡಯಾಜಿನಾನ್ ಮತ್ತು ಗ್ಲೈಫೋಸೇಟ್ ಬಹುಶಃ ಹಾಗೆಯೇ ಇರಬಹುದೆಂದೂ ವರ್ಗೀಕರಿಸಿತು. ಆದುದರಿಂದ ಬರಿಗೈಯಲ್ಲಿ ಔಷಧಿ ಕಲಸುವುದು, ಗಾಳಿಗೆ ಎದುರಾಗಿ ಸಿಂಪಡಿಸುವುದು, ಖಾಲಿ ಡಬ್ಬಿಯನ್ನು ಮನೆಗೆ ಬಳಸುವುದು ಸಲ್ಲದು. ಆದರೆ ಔಷಧಿಯ ಬಳಕೆ ಬಹಳ ಕಡಿಮೆ ಇರುವ ಈಶಾನ್ಯ ಬೆಟ್ಟಗಳಲ್ಲಿಯೇ ಸಾವು ಅತಿ ಹೆಚ್ಚು. ಅಲ್ಲಿನ ವ್ಯತ್ಯಾಸಕ್ಕೆ ಸಿಂಪರಣೆ ಕಾರಣವಲ್ಲ. ಔಷಧಿಯನ್ನು ಬೈಯುತ್ತಾ ಬೀಡಿ ಹಚ್ಚಿದರೆ ಪ್ರಯೋಜನವಿಲ್ಲ.

ಬೇಗ ಕಂಡುಹಿಡಿಯುವುದು

ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ಒಂದು ಪ್ರಯೋಗ ನಡೆಯಿತು. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ಉಳಿದವುಗಳಲ್ಲಿ ಹಾಗೆ ಮಾಡಲಿಲ್ಲ. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ನೋಡಿದ ಊರುಗಳಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರವಿಲ್ಲದೆ, ಬೆಳಕು ಮತ್ತು ಕಣ್ಣಿನಿಂದ ಆದ ಕೆಲಸ ಇದು.

ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬಾಯಿ ತೊಳೆದು, ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು ಮತ್ತು ತಳವನ್ನು ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಗಂಟು, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿರುವುದು, ಕಾರ ತಗುಲಿದರೆ ಉರಿ, ನುಂಗಲು ತೊಂದರೆ, ಬದಲಾದ ದನಿ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಾಲೂಕು ಆಸ್ಪತ್ರೆಗೆ ಹೋಗಬೇಕು. ಪ್ರಾರಂಭದಲ್ಲಿ ಈ ಹುಣ್ಣು ನೋಯುವುದಿಲ್ಲ. ನೋವಿಲ್ಲವೆಂದು ಸುಗ್ಗಿ ಮುಗಿಯಲಿ ಎಂದು ಕಾಯುವುದೇ ಪ್ರಾಣಕ್ಕೆ ಎರವಾಗುತ್ತದೆ.

ಚಟ ಬಿಡಲು ವಯಸ್ಸು ಮೀರಿತೆಂದು ತಿಳಿಯಬೇಡಿ. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಅನುಸರಿಸಿ ನೋಡಿದಾಗ, 40ನೆಯ ವಯಸ್ಸಿನಲ್ಲಿ ಸಿಗರೇಟು ಬಿಟ್ಟವರು ಬಿಡದವರಿಗಿಂತ ಸುಮಾರು 9 ವರ್ಷ, 60ರಲ್ಲಿ ಬಿಟ್ಟವರೂ ಸುಮಾರು 3 ವರ್ಷ ಹೆಚ್ಚು ಬದುಕಿದರೆಂದು 2004ರಲ್ಲಿ ತಿಳಿದುಬಂದಿತು. ನೆರವು ಬೇಕಾದವರು 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಬಹುದು. ಮಕ್ಕಳಿಗೆ ಹೆಪಟೈಟಿಸ್-ಬಿ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ, ತಪ್ಪದೆ ಹಾಕಿಸಿ.

ರೈತ ಬಾಂಧವರೇ, ಒಂದು ಸೀಮೆಯಲ್ಲಿ ನೂರಕ್ಕೆ ಹನ್ನೊಂದು, ಇನ್ನೊಂದರಲ್ಲಿ ಮೂರಕ್ಕಿಂತ ಕಡಿಮೆ ಎಂದಾದರೆ ಈ ಸಾವುಗಳೆಲ್ಲ ವಿಧಿಯವಲ್ಲ. ವ್ಯತ್ಯಾಸ ಇರುವಲ್ಲಿ ಕಾರಣವಿದೆ, ಕಾರಣವಿರುವಲ್ಲಿ ತಡೆಯುವ ದಾರಿಯೂ ಇದೆ. ಕಣದಲ್ಲಿ ಕಾಳನ್ನು ಚೆನ್ನಾಗಿ ಒಣಗಿಸಿ. ಜೇಬಿನ ಬೀಡಿ ಕಟ್ಟನ್ನೂ ಕಡ್ಡಿಪುಡಿಯನ್ನೂ ಇಂದೇ ತಿಪ್ಪೆಗೆ ಎಸೆಯಿರಿ.